ತಿಳಿಬೂದು ಎಮಲ್ಷನ್: ಮೂರು ವರ್ಷಗಳ ಬಳಕೆಯ ನಂತರದ ವಿಮರ್ಶೆ

ಮೈಸೂರಿನ ನಮ್ಮ ಮನೆಯ ಒಳಗೋಡೆಗಳಿಗೆ ತಿಳಿಬೂದು ಬಣ್ಣದ ಮ್ಯಾಟ್ ಎಮಲ್ಷನ್ ಹೊಡೆಸಿ ಮೂರು ವರ್ಷಗಳ ಮೇಲಾಯಿತು. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇಲ್ಲಿ ಹೇಳಲಿರುವುದು ಯಾವ ಕಂಪನಿಯ ಡಬ್ಬಕ್ಕೂ ಸಲ್ಲುವಂಥದ್ದು. ಬೂದು ಬಣ್ಣ ಬೇಕೆನ್ನುವವರು ಮೊದಲು ಮನೆಯ ದೀಪಗಳನ್ನು ನಿರ್ಧರಿಸಿಕೊಂಡು, ಆಮೇಲಷ್ಟೇ ಶೇಡ್ ಕಾರ್ಡ್ ಬಿಡಿಸಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವಾಗಿ ನಡೆಯುತ್ತದೆ: ಅಂಗಡಿಯ ಬಿಳಿ ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಆರಿಸಿ, ಪೇಂಟರ್ ಕೆಲಸ ಮುಗಿಸಿ ಹೋದ ಮೇಲೆ ಎಲೆಕ್ಟ್ರೀಷಿಯನ್ ತಂದ ಬಲ್ಬನ್ನು ಹಾಕಿಸಿಕೊಳ್ಳುತ್ತೇವೆ.

ಅಂಗಡಿಯ ಟಿಂಟಿಂಗ್ ಯಂತ್ರವು ಬಿಳಿಯ ಬೇಸ್‌ಗೆ ಬರಿಯ ಕಪ್ಪನ್ನು ಮಾತ್ರ ಬೆರೆಸಿ ಬೂದು ಬಣ್ಣವನ್ನು ಮಾಡುವುದು ಅಪರೂಪ. ಕಪ್ಪಿನ ಜೊತೆಗೆ ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್, ನೀಲಿ ಅಥವಾ ಹಸಿರು ಕೂಡ ತೊಟ್ಟಿನ ಲೆಕ್ಕದಲ್ಲಿ ಬೀಳುತ್ತವೆ. ಒಳಛಾಯೆ, ಅಂದರೆ ಬೂದಿನೊಳಗೆ ನಸುವಾಗಿ ಇಣುಕುವ ಬೇರೆ ಬಣ್ಣ, ಹುಟ್ಟುವುದು ಈ ತೊಟ್ಟುಗಳಿಂದಲೇ. ಗಾಢ ಹಳದಿಯಲ್ಲಿ ಮೂಲಬಣ್ಣವೇ ಎದ್ದು ಕಾಣುವುದರಿಂದ ದೀಪ ಬದಲಾದರೂ ಗೋಡೆ ಹಳದಿಯಾಗಿಯೇ ಉಳಿಯುತ್ತದೆ. ಬೂದಿನಲ್ಲಿ ಬಣ್ಣದ ಅಂಶ ಅಷ್ಟು ಕಡಿಮೆಯಿರುವುದರಿಂದ ಬೆಳಕು ಯಾವ ಕಡೆಗೆ ಎಳೆದರೆ ಅದು ಆ ಕಡೆಗೆ ವಾಲುತ್ತದೆ. ಯಂತ್ರದ ಪರದೆಯಲ್ಲಿ ಯಾವ ಬಣ್ಣ ಎಷ್ಟು ಸೇರುತ್ತದೆ ಎಂಬುದು ಕಾಣುತ್ತದೆ. ನಮ್ಮ ಅಂಗಡಿಯವರು ಕೇಳಿದಾಗ ತೋರಿಸಿದರು. ಶೇಡಿನ ಆಕರ್ಷಕ ಹೆಸರಿಗಿಂತ ಆ ಪಟ್ಟಿಯೇ ನಂಬಲರ್ಹ ಮಾಹಿತಿ.

ನಾವು ಆರಿಸಿದ ಶೇಡಿನಲ್ಲಿ ಕಪ್ಪಿನ ಜೊತೆ ನೀಲಿಯ ಅಂಶ ಸ್ವಲ್ಪವಿದೆ. ಮಲಗುವ ಕೋಣೆಯಲ್ಲಿ 3000 ಕೆಲ್ವಿನ್‌ನ (ಬೆಳಕಿನ ಛಾಯೆಯ ಅಳತೆ; ಅಂಕಿ ಕಡಿಮೆಯಿದ್ದಷ್ಟೂ ಹಳದಿ, ಹೆಚ್ಚಿದಷ್ಟೂ ನೀಲಿಬಿಳಿ) ವಾರ್ಮ್ ವೈಟ್ ಬಲ್ಬುಗಳಿರುವುದರಿಂದ ಅಲ್ಲಿ ಈ ನೀಲಿ ತಗ್ಗಿ, ಗೋಡೆ ಹದವಾದ, ಯಾವ ಕಡೆಗೂ ವಾಲದ ಬೂದಾಗಿ ಕಾಣುತ್ತದೆ. ಹಾಲ್‌ನಲ್ಲಿ ಮಾತ್ರ ನಮ್ಮ ಹೆಚ್ಚಿನ ಮನೆಗಳಲ್ಲಿ ಇರುವಂತೆ 6500 ಕೆಲ್ವಿನ್‌ನ ಎಲ್‌ಇಡಿ ಟ್ಯೂಬ್‌ಲೈಟ್ ಇತ್ತು. ಸಂಜೆ ಅದನ್ನು ಹಾಕಿದೊಡನೆ ಅದೇ ಡಬ್ಬದ ಬಣ್ಣ ತಣ್ಣನೆಯ ನೀಲಿಗೆ ತಿರುಗುತ್ತಿತ್ತು. ಊರಿನಿಂದ ಬಂದ ದೊಡ್ಡಮ್ಮ ಗೋಡೆಯನ್ನು ಸವರಿ ನೋಡಿ, "ಸಿಮೆಂಟ್ ಮಾಡ್ಸಿ ಹಾಗೇ ಬಿಟ್ಟಿದ್ದೀರಲ್ಲ, ಬಣ್ಣ ಯಾವಾಗ ಹೊಡೆಸ್ತೀರಿ?" ಎಂದು ಕೇಳಿದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಗೋಡೆಯನ್ನು ಮುಟ್ಟದೆ ದೀಪವನ್ನು ಮಾತ್ರ 4000 ಕೆಲ್ವಿನ್‌ಗೆ ಬದಲಿಸಿದ್ದರಿಂದ ಹಾಲ್ ಸರಿಹೋಯಿತು. ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ ಎಂಬ, ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂದು 100ರ ಲೆಕ್ಕದಲ್ಲಿ ಹೇಳುವ, ಇನ್ನೊಂದು ಅಂಕಿಯನ್ನೂ ನೋಡಬೇಕು. ಮಾಮೂಲಿ ಎಲ್‌ಇಡಿಗಳಲ್ಲಿ ಅದು 80ರ ಆಸುಪಾಸಿನಲ್ಲಿರುತ್ತದೆ ಮತ್ತು ಅಂಥ ಬೆಳಕಿನಲ್ಲಿ ಕೆಂಪಿನ ಅಂಶ ಸೊರಗಿರುವುದರಿಂದ ಬೂದು ನಿರ್ಜೀವವಾಗಿ ಕಾಣುವ ಸಾಧ್ಯತೆ ಹೆಚ್ಚು. 90ರ ಮೇಲಿನವು ದುಬಾರಿ. ಆದರೂ ಬೂದು ಗೋಡೆಯಿರುವ ಕೋಣೆಗೆ ಆ ಖರ್ಚು ಸಾರ್ಥಕ.

ಹಗಲಿನ ಬೆಳಕಿನ ವಿಷಯದಲ್ಲಿ ಹೊರದೇಶದ ಸಲಹೆಗಳನ್ನು ಇಲ್ಲಿಗೆ ಹಾಗೆಯೇ ತಂದುಕೊಳ್ಳಲಾಗದು. ಉತ್ತರದ ಕಿಟಕಿಯಿಂದ ವರ್ಷವಿಡೀ ಬಿಸಿಲು ಬರುವುದಿಲ್ಲ, ಅಲ್ಲಿನ ಬೆಳಕು ಸದಾ ನೀಲಿ ಎಂಬ ಮಾತು ಯುರೋಪು, ಅಮೆರಿಕಗಳ ಮಟ್ಟಿಗೆ ಬಹುಪಾಲು ನಿಜವಿರಬಹುದು. ಮೈಸೂರು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಹೀಗಾಗಿ ನಮ್ಮ ಉತ್ತರದ ಕೋಣೆಗೆ ಮೇ ತಿಂಗಳಿನಲ್ಲಿ ಬೆಳಗಿನ ಮತ್ತು ಸಂಜೆಯ ಓರೆಬಿಸಿಲು ಬಿದ್ದು ಗೋಡೆ ಕೆನೆಬಣ್ಣಕ್ಕೆ ಹತ್ತಿರವಾಗುತ್ತದೆ. ಜುಲೈನಲ್ಲಿ ಮೋಡ ಕವಿದಾಗ ಉಕ್ಕಿನಂತಾಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಾಗ ಮಾತ್ರ ಪುಸ್ತಕಗಳಲ್ಲಿ ಹೇಳಿದ ತಣ್ಣನೆಯ ಬೂದು ಕಾಣಿಸುತ್ತದೆ. ಬಣ್ಣವನ್ನು ಒಂದು ಮಧ್ಯಾಹ್ನ ನೋಡಿ ಒಪ್ಪಿಕೊಳ್ಳುವವರು ಈ ಮೂರರಲ್ಲಿ ಒಂದನ್ನಷ್ಟೇ ನೋಡಿರುತ್ತಾರೆ.

ಅಕ್ಕಪಕ್ಕದ ವಸ್ತುಗಳ ಪ್ರಭಾವವೂ ಕಡಿಮೆಯದಲ್ಲ. ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ರಸಾಯನವಿಜ್ಞಾನಿ ಶೆವ್ರಲ್, ಕಪ್ಪು ನೂಲು ಮಂಕಾಗಿದೆಯೆಂಬ ದೂರುಗಳ ಬೆನ್ನುಹತ್ತಿ, ದೋಷ ಬಣ್ಣದ್ದಲ್ಲ, ಪಕ್ಕದಲ್ಲಿ ನೇಯ್ದ ಇತರ ಬಣ್ಣಗಳದ್ದು ಎಂದು ಕಂಡುಕೊಂಡು 1839ರಲ್ಲಿ ಅದನ್ನು ವಿವರವಾಗಿ ಪ್ರಕಟಿಸಿದ. ನಮ್ಮ ಮನೆಯ ತೇಗದ ಬಾಗಿಲುಗಳ ಕಿತ್ತಳೆ ಛಾಯೆಯು ಪಕ್ಕದ ಬೂದನ್ನು ಇನ್ನಷ್ಟು ನೀಲಿಯಾಗಿ ಕಾಣಿಸುವುದು ಇದೇ ಕಾರಣಕ್ಕೆ. ಹಳೆಯ ಭಾಗದ ರೆಡ್ ಆಕ್ಸೈಡ್ ನೆಲದ್ದು ಬೇರೆಯದೇ ಕಥೆ: ಬಿಸಿಲು ನೆಲಕ್ಕೆ ಬಿದ್ದಾಗ ಗೋಡೆಯ ಕೆಳಭಾಗಕ್ಕೆ ಕೆಂಪು ಹಾಯ್ದು, ಒಂದೇ ಗೋಡೆ ಎರಡು ಬಣ್ಣದ್ದೆಂಬ ಭ್ರಮೆ ಹುಟ್ಟುತ್ತದೆ. ನನಗೆ ಅದು ಇಷ್ಟ. ಮನೆಯಲ್ಲಿ ಉಳಿದವರಿಗೆ ಅಷ್ಟಾಗಿ ಇಲ್ಲ.

ಬಾಳಿಕೆಯ ಬಗ್ಗೆ ದೊಡ್ಡ ದೂರಿಲ್ಲ. ಧೂಳು ಬಿಳಿಗೋಡೆಯಷ್ಟು ಎದ್ದು ಕಾಣುವುದಿಲ್ಲ. ಆದರೆ ಸ್ನಾನದ ಮನೆಗೆ ತಾಗಿದ ಗೋಡೆಯಲ್ಲಿ ತೇವಕ್ಕೆ ಉಪ್ಪು ಹೊಮ್ಮಿದಾಗ ಆ ಬಿಳಿ ಕಲೆ ಬೂದಿನ ಮೇಲೆ ದೂರದಿಂದಲೇ ಕಾಣುತ್ತದೆ. ಮ್ಯಾಟ್ ಫಿನಿಶ್ ಆದ್ದರಿಂದ ಸ್ವಿಚ್ ಬೋರ್ಡಿನ ಸುತ್ತ ಕೈಯ ಜಿಡ್ಡು ಹಿಡಿಯುತ್ತದೆ, ಉಜ್ಜಿದರೆ ಅಷ್ಟು ಜಾಗ ಮಿರುಗುತ್ತದೆ.

ನಿಜವಾದ ತೊಂದರೆ ಬಂದದ್ದು ಟಚ್‌ಅಪ್‌ನಲ್ಲಿ. ವೈರಿಂಗ್‌ಗಾಗಿ ಗೋಡೆ ಒಡೆದ ಜಾಗಕ್ಕೆ ಹಳೆಯ ಬಣ್ಣ ಉಳಿದಿರದ ಕಾರಣ, ಇನ್ನೊಂದು ಅಂಗಡಿಯವರು ಬೇರೆ ಕಂಪನಿಯ ಬೇಸ್‌ನಲ್ಲಿ ಅದೇ ಶೇಡನ್ನು ಯಂತ್ರದಲ್ಲಿ ಹೊಂದಿಸಿಕೊಟ್ಟರು. ಹಗಲಿನಲ್ಲಿ ತೇಪೆ ಎಲ್ಲಿದೆಯೆಂದು ಹುಡುಕಬೇಕು. ರಾತ್ರಿ ದೀಪ ಹಾಕಿದರೆ ಅದು ಹಸಿರು ಚೌಕವಾಗಿ ಎದ್ದು ನಿಲ್ಲುತ್ತದೆ. ಬೇರೆ ಬೇರೆ ವರ್ಣದ್ರವ್ಯಗಳಿಂದ ಮಾಡಿದ ಎರಡು ಬೂದುಗಳು ಒಂದು ಬೆಳಕಿನಲ್ಲಿ ಒಂದಾಗಿ ಕಂಡು, ಇನ್ನೊಂದರಲ್ಲಿ ಬೇರೆಯಾಗುವ ಈ ಗುಣಕ್ಕೆ ಮೆಟಾಮೆರಿಸಂ ಎನ್ನುತ್ತಾರೆ. ಆದ್ದರಿಂದ ಶೇಡಿನ ಕೋಡ್, ಬೇಸ್ ಮತ್ತು ಬ್ಯಾಚ್ ಸಂಖ್ಯೆಗಳನ್ನು ಬರೆದಿಟ್ಟುಕೊಂಡು, ಅರ್ಧ ಲೀಟರಿನಷ್ಟು ಬಣ್ಣವನ್ನು ಗಾಳಿಯಾಡದ ಡಬ್ಬಿಯಲ್ಲಿ ತೆಗೆದಿಡುವುದು ಅವಶ್ಯ.

ಈ ಶೇಡನ್ನು ವಾರ್ಮ್ ವೈಟ್ ಅಥವಾ 4000 ಕೆಲ್ವಿನ್ ದೀಪವಿರುವ ಕೋಣೆಗಳಿಗೆ ಧೈರ್ಯವಾಗಿ ಸೂಚಿಸುತ್ತೇನೆ. ಬಿಳಿ ಟ್ಯೂಬ್‌ಲೈಟನ್ನು ಬಿಡಲೊಲ್ಲದವರು ಹಳದಿ ಅಥವಾ ಕಂದು ಒಳಛಾಯೆಯ ಬೂದನ್ನು ಆರಿಸುವುದು ಲೇಸು. ಒಂದೇ ಕಿಟಕಿಯ ಕೋಣೆಗಾದರೆ ಎಲ್‌ಆರ್‌ವಿ, ಅಂದರೆ ಬೆಳಕನ್ನು ಹಿಂತಿರುಗಿಸುವ ಅಳತೆ, 100ರಲ್ಲಿ 55ಕ್ಕಿಂತ ಹೆಚ್ಚಿರಲಿ. ಸ್ಯಾಂಪಲನ್ನು ನೇರವಾಗಿ ಹಳೆಯ ಬಣ್ಣದ ಮೇಲೆ ಬಳಿಯದೆ, ದೊಡ್ಡ ಡ್ರಾಯಿಂಗ್ ಶೀಟಿಗೆ ಎರಡು ಕೋಟ್ ಹಚ್ಚಿ, ಪೂರ್ತಿ ಒಣಗಿದ ಮೇಲೆ ಗೋಡೆಯಿಂದ ಗೋಡೆಗೆ ಅಂಟಿಸಿ, ಹಗಲೂ ರಾತ್ರಿಯೂ ನೋಡಿ. ಹಸಿಯಿದ್ದಾಗಿನ ಎಮಲ್ಷನ್ ಒಣಗಿದ ಮೇಲೆ ಸಾಮಾನ್ಯವಾಗಿ ಒಂದಿಷ್ಟು ಗಾಢವಾಗುತ್ತದೆ.