ಎಡಮುರಿಯೋ ಬಲಮುರಿಯೋ: ನೀರಿನ ಬಸವನಹುಳು ಗುರುತಿಸಲು ಲೂಪ್, ಕ್ಲಿಪ್ ಲೆನ್ಸ್, ಯುಎಸ್‌ಬಿ ಮೈಕ್ರೋಸ್ಕೋಪ್

ಕೆರೆ, ಗದ್ದೆ, ಅಕ್ವೇರಿಯಂಗಳಲ್ಲಿ ಸಿಗುವ ಬಸವನಹುಳುಗಳು ಮೊದಲ ನೋಟಕ್ಕೆ ಎಲ್ಲವೂ ಒಂದೇ. ಅವನ್ನು ಬೇರ್ಪಡಿಸಲು ಜನ ಕೊಳ್ಳುವುದು ಮುಖ್ಯವಾಗಿ ಮೂರು ಸಲಕರಣೆ: ಅಕ್ಕಸಾಲಿಗರು ಬಳಸುವ, ಲೂಪ್ ಎಂಬ ಮಡಚುವ ಪುಟ್ಟ ಭೂತಗನ್ನಡಿ, ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಕ್ಲಿಪ್ ಲೆನ್ಸ್, ಲ್ಯಾಪ್‌ಟಾಪಿಗೆ ಚುಚ್ಚುವ ಯುಎಸ್‌ಬಿ ಮೈಕ್ರೋಸ್ಕೋಪ್. ಯಾವುದೋ ಒಂದು ಬ್ರ್ಯಾಂಡಿನ ಗುಣದೋಷ ಇಲ್ಲಿಲ್ಲ. ಈ ಮೂರು ಬಗೆಯಲ್ಲಿ ಯಾವುದು ಯಾವ ಜೋಡಿಯನ್ನು ಬಿಡಿಸುತ್ತದೆ ಅನ್ನುವುದಷ್ಟೇ ನಮ್ಮ ಲೆಕ್ಕ. ಒಂದನ್ನೇ ಕೊಳ್ಳುವುದಾದರೆ 10ಎಕ್ಸ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ) ಟ್ರಿಪ್ಲೆಟ್, ಅಂದರೆ ಮೂರು ಗಾಜು ಜೋಡಿಸಿದ ಲೂಪ್ ಕೊಳ್ಳಿ. ಉಳಿದ ಹಣದಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಟ್ರೇ, ಸ್ಟೀಲ್ ಸ್ಕೇಲು, ಹಳೆ ಟೂತ್‌ಬ್ರಷ್ ಇಟ್ಟುಕೊಂಡರೆ ಕೆರೆಬದಿಯ ಮುಕ್ಕಾಲು ಕೆಲಸ ಮುಗಿಯಿತು.

ಲೂಪ್ ಕೊಳ್ಳುವಾಗ ಅದರ ಮೇಲೆ ಕೆತ್ತಿದ ಅಂಕಿಯನ್ನು ನಂಬಬೇಡಿ. ಕಿಟಕಿಗೆ ಎದುರಾಗಿ ಬಿಳಿ ಕಾಗದ ಹಿಡಿದು, ಲೂಪನ್ನು ಹಿಂದೆಮುಂದೆ ಸರಿಸಿದರೆ ಹೊರಗಿನ ಮರದ ತಲೆಕೆಳಗಾದ ಚಿತ್ರ ಕಾಗದದ ಮೇಲೆ ಮೂಡುತ್ತದೆ. ಆಗ ಗಾಜಿನಿಂದ ಕಾಗದಕ್ಕಿರುವ ದೂರವನ್ನು ಅಳೆದು, ಅಷ್ಟು ಮಿಲಿಮೀಟರಿನಿಂದ 250ನ್ನು ಭಾಗಿಸಿ. 25 ಮಿ.ಮೀ. ಬಂದರೆ 10ಎಕ್ಸ್. 30ಎಕ್ಸ್ ಎಂದು ಕೆತ್ತಿದ್ದರಲ್ಲಿ ಆ ದೂರ ಸುಮಾರು 8 ಮಿ.ಮೀ. ಇರಬೇಕು, ಅದರಲ್ಲೂ 25 ಬಂದರೆ ಅಂಕಿ ಬರೀ ಅಲಂಕಾರ. ಬೆಂಗಳೂರಿನ ನಗರ್ತಪೇಟೆಯಲ್ಲಿ ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಯಲ್ಲಿ ನಿಂತೇ ಇದನ್ನು ಮಾಡಬಹುದು, ಯಾರೂ ಬೇಸರಪಡುವುದಿಲ್ಲ. ನಿಜವಾದ 30ಎಕ್ಸ್ ಸಿಕ್ಕರೂ ಈ ಕೆಲಸಕ್ಕೆ ಬೇಡ. ಎಂಟು ಮಿಲಿಮೀಟರ್ ಹತ್ತಿರ ತಂದರೆ ಬೆಳಕು ಸಾಲದು, ಒದ್ದೆ ಚಿಪ್ಪು ಗಾಜಿಗೆ ತಾಗುತ್ತದೆ.

ಮೊದಲ ಪರೀಕ್ಷೆ ಫೈಸಾ ಮತ್ತು ಲಿಮ್ನಿಯಾ. ಎರಡಕ್ಕೂ ತೆಳು ಕಂದು ಚಿಪ್ಪು, ಎರಡಕ್ಕೂ ಬಾಯಿ ಮುಚ್ಚಳವಿಲ್ಲ. ಚೂಪು ತುದಿ ಮೇಲೆ, ಬಾಯಿ ನಿಮ್ಮ ಕಡೆ ಬರುವಂತೆ ಹಿಡಿಯಿರಿ. ಬಾಯಿ ಎಡಕ್ಕಿದ್ದರೆ ಉತ್ತರ ಅಮೆರಿಕದಿಂದ ಬಂದು ಲೋಕವೆಲ್ಲ ಹಬ್ಬಿರುವ ಫೈಸಾ ಅಕ್ಯುಟಾ, ಬಲಕ್ಕಿದ್ದರೆ ಲಿಮ್ನಿಯಾ. ಬಾಯಿ ಎಡಕ್ಕಿದ್ದರೆ ಎಡಮುರಿ, ಬಲಕ್ಕಿದ್ದರೆ ಬಲಮುರಿ, ಅಷ್ಟೇ ಸಲೀಸು. ಜೀವಂತ ಹುಳುವನ್ನು ಟ್ರೇಯಲ್ಲಿ ಬೆರಳಗಲ ನೀರಿಗೆ ಬಿಟ್ಟು ಹತ್ತು ನಿಮಿಷ ಅಲುಗಿಸದೆ ಇಟ್ಟರೆ ಕೊಂಬು ಹೊರಬರುತ್ತದೆ: ಫೈಸಾದ್ದು ದಾರದಂತೆ ಸಣ್ಣ, ಲಿಮ್ನಿಯಾದ್ದು ಚಪ್ಪಟೆ ತ್ರಿಕೋನ. ಲೂಪಿನಲ್ಲಿ ಇದು ಸ್ಪಷ್ಟ.

ಯುಎಸ್‌ಬಿ ಮೈಕ್ರೋಸ್ಕೋಪ್ ಎಡವುವುದು ಇಲ್ಲೇ, ಅದೂ ಸದ್ದಿಲ್ಲದೆ. ಇದರ ಜೊತೆ ಬಳಸುವ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಚಿತ್ರವನ್ನು ಕನ್ನಡಿಯಂತೆ ತಿರುಗಿಸುವ ಗುಂಡಿಯಿದೆ. ಅದು ಒತ್ತಿಹೋಗಿದ್ದರೆ ಲಿಮ್ನಿಯಾ ಅಷ್ಟೂ ಫೈಸಾ ಆಗಿಬಿಡುತ್ತದೆ, ಫೋಟೋ ನೋಡಿ ಹೆಸರು ಹೇಳುವ ಆಪ್ ಕೂಡ ತಲೆಯಾಡಿಸುತ್ತದೆ. ಫೋನಿನ ಸೆಲ್ಫಿ ಕ್ಯಾಮೆರಾಕ್ಕೂ ಈ ಎಚ್ಚರ ಬೇಕು. ಚಿಪ್ಪಿನ ಪಕ್ಕ ಸ್ಕೇಲಿನ ಅಂಕಿಗಳು ಚಿತ್ರದಲ್ಲಿ ಬೀಳುವಂತೆ ಇಡಿ. 2, 3, 7 ತಿರುಗಿದ್ದರೆ ತಕ್ಷಣ ಗೊತ್ತಾಗುತ್ತದೆ. ಪೇಪರಿನ ಚೂರು ಇಡುವುದಾದರೆ 'ಕ' ಅಕ್ಷರ ಬೇಡ, ಅವಸರದ ಕಣ್ಣಿಗೆ ಅದು ತಿರುಗಿದರೂ 'ಕ'ನೇ.

ಎರಡನೆಯದು ಚಕ್ಕುಲಿಯಂತೆ ಸುತ್ತಿಕೊಂಡ ಚಿಪ್ಪಿನವು. ಇಂಡೋಪ್ಲಾನಾರ್ಬಿಸ್ ಎಕ್ಸಸ್ಟಸ್ ಬೆಳೆದರೆ ಎರಡು ಸೆಂಟಿಮೀಟರ್ ಅಗಲವಾಗುತ್ತದೆ, ತಪ್ಪುವ ಮಾತಿಲ್ಲ. ಪೇಚಾಟ ಇರುವುದು ಅದರ ಮರಿಗೂ ಪುಟ್ಟ ಗೈರಾಲಸ್‌ಗೂ ನಡುವೆ. ಕ್ಲಿಪ್ ಲೆನ್ಸಿನಲ್ಲಿ ಮೇಲಿನಿಂದ ತೆಗೆದ ಚಿತ್ರ ಅಂದವಾಗಿರುತ್ತದೆ, ಕೆಲಸಕ್ಕೆ ಬಾರದು: ಆ ಕೋನದಿಂದ ಎರಡೂ ಸುರುಳಿಯೇ. ಅಂಚಿನಿಂದ ನೋಡಬೇಕು. ಇಂಡೋಪ್ಲಾನಾರ್ಬಿಸ್ ಮರಿ ಕೋಡುಬಳೆಯಂತೆ ದಪ್ಪ, ಗೈರಾಲಸ್ ನಿಪ್ಪಟ್ಟಿನಂತೆ ತೆಳ್ಳಗೆ. ಚೂರು ಮೇಣ ಇಟ್ಟು ಖಾಲಿ ಚಿಪ್ಪನ್ನು ಅದರಲ್ಲಿ ನಿಲ್ಲಿಸಿದರೆ ಕ್ಲಿಪ್ ಲೆನ್ಸೂ ಸರಿಯಾದ ಚಿತ್ರ ಕೊಡುತ್ತದೆ. ಇದು ಬರೀ ಹೆಸರಿನ ಹಟವಲ್ಲ. ದನಗಳ ಮೂಗಿನ ರಕ್ತನಾಳ ಸೇರಿ ಗೊರಕೆಯಂಥ ಉಸಿರು ತರುವ ಷಿಸ್ಟೊಸೋಮಾ ನೇಸೇಲ್ ಎಂಬ ಪರಾವಲಂಬಿ ಹುಳು ಇಂಡೋಪ್ಲಾನಾರ್ಬಿಸ್‌ನೊಳಗೆ ಬೆಳೆದೇ ಹೊರಬರುತ್ತದೆ. ಇಂಥ ಕೆರೆಗೆ ಕೈ ಹಾಕುವಾಗ ರಬ್ಬರ್ ಗ್ಲೌಸ್ ಇರಲಿ. ಈ ಬಗೆಯ ಪರಾವಲಂಬಿಗಳ ಈಜುವ ಮರಿಗಳು ಮನುಷ್ಯನ ಚರ್ಮಕ್ಕೂ ನುಗ್ಗಿ ತುರಿಕೆ ಎಬ್ಬಿಸುತ್ತವೆ.

ಪೈಲಾ ಮತ್ತು ಪೊಮೇಸಿಯಾ ವಿಷಯದಲ್ಲಿ ಮೂರೂ ಸಲಕರಣೆ ಜೇಬಿನಲ್ಲೇ ಇರಲಿ. ನಮ್ಮ ಪೈಲಾದ ಬಾಯಿ ಮುಚ್ಚಳದ ಒಳಮೈ ಸುಣ್ಣದ್ದು, ಕಲ್ಲಿನಂತೆ ಗಟ್ಟಿ, ಬಿಳಿ. ಅಕ್ವೇರಿಯಂ ಅಂಗಡಿಯ 'ಮಿಸ್ಟರಿ ಸ್ನೇಲ್' ಪೊಮೇಸಿಯಾ. ಅದರ ಮುಚ್ಚಳ ಉಗುರಿನಂತೆ ಬಾಗುತ್ತದೆ. ಸತ್ತ ಹುಳುವಿನ ಮುಚ್ಚಳ ಸಿಕ್ಕರೆ ಒಳಮೈಗೆ ಒಂದು ಹನಿ ವಿನಿಗರ್ ಬಿಡಿ. ಗುಳ್ಳೆ ಎದ್ದರೆ ಪೈಲಾ. ಏಷ್ಯಾದ ಭತ್ತದ ಗದ್ದೆಗಳನ್ನು ಕಾಡಿದ ಪೊಮೇಸಿಯಾ ಕ್ಯಾನಾಲಿಕ್ಯುಲೇಟಾ ನೀರಿನ ಮೇಲಿನ ಕಡ್ಡಿ, ಗೋಡೆಗಳಿಗೆ ಗುಲಾಬಿ ಮೊಟ್ಟೆಗೊಂಚಲು ಅಂಟಿಸುತ್ತದೆ. ಪೈಲಾದ ಮೊಟ್ಟೆ ಬಿಳಿ, ದಡದ ಒದ್ದೆ ಮಣ್ಣಿನಲ್ಲಿರುತ್ತದೆ.

ಬೆಲಾಮಿಯಾ ಬೆಂಗಾಲೆನ್ಸಿಸ್ ಚಿಪ್ಪಿನ ಮೇಲೆ ಕಪ್ಪು ಪಟ್ಟೆಗಳಿವೆ, ಬೆ. ಡಿಸಿಮಿಲಿಸ್‌ಗೆ ಇಲ್ಲ. ಹೊಸ ಬರಹಗಳಲ್ಲಿ ಮೊದಲನೆಯದು ಫಿಲೊಪಾಲುಡಿನಾ ಬೆಂಗಾಲೆನ್ಸಿಸ್ ಆಗಿದೆ, ಗಾಬರಿ ಬೇಡ. ಪಾಚಿ ಹಿಡಿದ ಚಿಪ್ಪಿನಲ್ಲಿ ಪಟ್ಟೆ ಕಾಣದು, ಬ್ರಷ್‌ನಿಂದ ಉಜ್ಜಿಯೇ ನೋಡಬೇಕು. ಮೈಕ್ರೋಸ್ಕೋಪಿನ ಎಲ್‌ಇಡಿ ಬಳೆ ಒದ್ದೆ ಚಿಪ್ಪಿನ ಮೇಲೆ ಬಿಳಿ ಚುಕ್ಕಿಗಳ ಮಾಲೆ ಮೂಡಿಸಿ ಇದ್ದ ಪಟ್ಟೆಯನ್ನೂ ನುಂಗುತ್ತದೆ.

ಅದೇ ಎಲ್‌ಇಡಿ ಉದ್ದ ಚಿಪ್ಪಿನವುಗಳಲ್ಲಿ ಇನ್ನೂ ದೊಡ್ಡ ತೊಡಕು. ಮೆಲನಾಯ್ಡಿಸ್ ಟ್ಯುಬರ್ಕ್ಯುಲೇಟಾದಲ್ಲಿ ನೆಟ್ಟಗಿನ ಏಣು ಮತ್ತು ಸುತ್ತುಗೀರು, ಕೆಂಗಂದು ಮಚ್ಚೆ. ಟಾರೆಬಿಯಾ ಗ್ರಾನಿಫೆರಾದಲ್ಲಿ ಸಾಲಾಗಿ ಪೋಣಿಸಿದಂಥ ಮಣಿ. ಥಿಯಾರಾ ಸ್ಕಾಬ್ರಾದ ಭುಜದಲ್ಲಿ ಮುಳ್ಳು. ಸುತ್ತಲಿಂದ ಸಮನಾಗಿ ಬೆಳಕು ಬಿದ್ದರೆ ಮಣಿಗೂ ಏಣಿಗೂ ನೆರಳೇ ಇಲ್ಲ, ಎಲ್ಲವೂ ಮಟ್ಟಸ. ಎಲ್‌ಇಡಿ ಆರಿಸಿ, ಟಾರ್ಚನ್ನು ಒಂದು ಪಕ್ಕದಿಂದ, ಮೇಜಿಗೆ ಹೆಚ್ಚು ಕಡಿಮೆ ತಾಗುವಷ್ಟು ತಗ್ಗಿನಲ್ಲಿ ಹಿಡಿಯಿರಿ. ಮಣಿಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಹೀಗೆ ಬಳಸಿದರೆ ಯುಎಸ್‌ಬಿ ಮೈಕ್ರೋಸ್ಕೋಪ್ ಒಳ್ಳೆಯ ಸಲಕರಣೆಯೇ: ಮುಚ್ಚಳದ ಗೆರೆಗಳನ್ನು ಇಡೀ ತರಗತಿಗೆ ಒಟ್ಟಿಗೆ ತೋರಿಸಲು ಲೂಪಿನಿಂದ ಆಗದು. ಪೆಟ್ಟಿಗೆಯ ಮೇಲಿನ '1000ಎಕ್ಸ್' ಮಾತ್ರ ಮರೆತುಬಿಡಿ. ಸ್ಕೇಲು ಇಟ್ಟು ನೋಡಿ, 4 ಮಿ.ಮೀ. ಜಾಗ 30 ಸೆಂ.ಮೀ. ಪರದೆ ತುಂಬಿದರೆ ಅದು 75 ಪಟ್ಟು.

ಕ್ಲಿಪ್ ಲೆನ್ಸನ್ನು ನಾವು ಕೊಳ್ಳಲು ಹೇಳುವುದು ದಾಖಲೆಗೆ ಮಾತ್ರ. ಫೋಕಸ್ ಕೂದಲೆಳೆಯಷ್ಟು ತೆಳು, ಬಾಯಂಚು ಸ್ಪಷ್ಟವಾದರೆ ತುದಿ ಮಸುಕು. ಮುಖ್ಯ ಕ್ಯಾಮೆರಾಕ್ಕೇ ಸಿಕ್ಕಿಸಿದ್ದೀರಾ ನೋಡಿ; ಮೂರು ನಾಲ್ಕು ಕಣ್ಣಿನ ಫೋನುಗಳು ಹತ್ತಿರ ಹೋದಂತೆ ತಾವೇ ಬೇರೆ ಕ್ಯಾಮೆರಾಕ್ಕೆ ಹಾರುತ್ತವೆ, ಆಗ ಪರದೆ ಕಪ್ಪಾಗುತ್ತದೆ. ಬಾಯಿ, ಬೆನ್ನು, ತುದಿ, ಬುಡ, ಮುಚ್ಚಳ, ಈ ಐದು ಚಿತ್ರ ಸ್ಕೇಲಿನ ಜೊತೆ ಇದ್ದರೆ ಬಲ್ಲವರು ದೂರದಿಂದಲೂ ಹೆಸರು ಹೇಳಬಹುದು. ಒಂದೇ ಚಿತ್ರವಾದರೆ ಬಾಯಿಯದು.

ಮೂರಕ್ಕೂ ದಕ್ಕದವು ಇವೆ. ಲಿಮ್ನಿಯಾ ಜಾತಿಗಳ ಚಿಪ್ಪು ನೀರಿನ ಗುಣ, ಹರಿವಿಗೆ ತಕ್ಕಂತೆ ಆಕಾರ ಬದಲಿಸುವುದರಿಂದ ಲೂಟಿಯೋಲಾ, ಅಕ್ಯುಮಿನೇಟಾ ಎಂದು ಖಚಿತವಾಗಿ ಬರೆಯಲು ಕೊಯ್ದು ಒಳಾಂಗ ನೋಡಬೇಕು, ಇಲ್ಲವೇ ಡಿಎನ್‌ಎ. ಪಶ್ಚಿಮ ಘಟ್ಟದ ಜಲಪಾತಗಳ ಒದ್ದೆ ಬಂಡೆಗೆ ಅಂಟಿರುವ ಕ್ರೆಮ್ನೊಕಾಂಕಸ್‌ಗಳೂ ಹಾಗೆಯೇ. ಆಗುಂಬೆಯ ಹೆಸರು ಹೊತ್ತ ಕ್ರೆ. ಅಗುಂಬೆನ್ಸಿಸ್ ವಿಜ್ಞಾನಕ್ಕೆ ಪರಿಚಯವಾದದ್ದೇ 2013ರಲ್ಲಿ. ಅಂಥ ಕಡೆ ಚೀಟಿಯಲ್ಲಿ ಕುಲದ ಹೆಸರಷ್ಟೇ ಬರೆದು ನಿಲ್ಲಿಸುವುದು ಲೇಸು.

ಲೂಪಿನ ಗಾಜಿಗೆ ಕೆರೆನೀರು ಸಿಡಿದರೆ ಅಂಗಿಯ ಚುಂಗಿನಿಂದ ಒರೆಸಬೇಡಿ, ಅದರಲ್ಲಿನ ಮರಳ ಕಣ ಗೀರು ಎಳೆಯುತ್ತದೆ. ಮೊದಲು ಕುಡಿಯುವ ನೀರು ಸುರಿದು, ಆಮೇಲೆ ಹತ್ತಿ ಬಟ್ಟೆಯಿಂದ ಒತ್ತಿ ತೆಗೆಯಿರಿ.