ಉಕ್ಕಿಗೆ ಯಾವ ಹೊದಿಕೆ: ಗ್ಯಾಲ್ವನೈಸಿಂಗ್, ಪೌಡರ್ ಕೋಟಿಂಗ್ ಅಥವಾ ಸತುವಿನ ಪ್ರೈಮರ್?

ಬಯಲಿನಲ್ಲಿ ನಿಲ್ಲುವ ಉಕ್ಕಿನ ಕೆಲಸಕ್ಕೆ ಈ ಮೂರರಲ್ಲಿ ಒಂದನ್ನು ಆರಿಸುವ ಮುನ್ನ, ಮೇಲ್ಮೈಗೆ ಗೀರು ಬಿದ್ದಾಗ ಏನಾಗುತ್ತದೆ ಎಂಬುದನ್ನು ನೋಡಬೇಕು. ನನ್ನ ದೃಷ್ಟಿಯಲ್ಲಿ ಬಾಳಿಕೆಯ ನಿಜವಾದ ಪರೀಕ್ಷೆ ಅದೇ. ಕರಗಿದ ಸತುವಿನಲ್ಲಿ ಉಕ್ಕನ್ನು ಅದ್ದುವ ಗ್ಯಾಲ್ವನೈಸಿಂಗ್ ವಿಧಾನಕ್ಕೆ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದರು. ಗೀರಿನಲ್ಲಿ ಉಕ್ಕು ಕಂಡರೂ ಸುತ್ತಲಿನ ಸತುವು ಮೊದಲು ತಾನು ಸವೆದು ಅದನ್ನು ಕಾಯುತ್ತದೆ. ಒಣ ಬಣ್ಣದ ಪುಡಿಯನ್ನು ಸಿಂಪಡಿಸಿ ಬಿಸಿಯಲ್ಲಿ ಕರಗಿಸಿ ಅಂಟಿಸುವ ಪೌಡರ್ ಕೋಟಿಂಗ್‌ಗೆ ಈ ಗುಣವಿಲ್ಲ: ಗೀರಿನ ಅಂಚಿನಿಂದ ತುಕ್ಕು ಪದರದಡಿ ನುಸುಳಿ, ಗುಳ್ಳೆಯೆದ್ದು, ಬಣ್ಣ ಸಿಪ್ಪೆಯಂತೆ ಏಳುತ್ತದೆ.

ಅಂದಕ್ಕೆ ಮಾತ್ರ ಪೌಡರ್ ಕೋಟಿಂಗ್ ಮೇಲು. ಒಳಾಂಗಣದ ಪೀಠೋಪಕರಣಕ್ಕೆ ಅದೇ ಸಾಕು.

ಗ್ಯಾಲ್ವನೈಸಿಂಗ್ ತೊಟ್ಟಿಯ ಬಿಸಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಇರುವುದರಿಂದ ತೆಳುವಾದ ತಗಡು ಸೊಟ್ಟಗಾಗಬಹುದು, ಮತ್ತು ಟೊಳ್ಳು ಕೊಳವೆಗಳಿಗೆ ಗಾಳಿರಂಧ್ರ ಕೊರೆಯದಿದ್ದರೆ ಒಳಗಿನ ತೇವ ಆವಿಯಾಗಿ ಸ್ಫೋಟಿಸುವ ಅಪಾಯವಿದೆ.

ಈಗಾಗಲೇ ನೆಟ್ಟು ನಿಂತ ರಚನೆಯನ್ನು ತೊಟ್ಟಿಗೆ ಒಯ್ಯಲಾಗದು. ಅಲ್ಲಿ ಸತುವಿನ ಪುಡಿ ಹೆಚ್ಚಿರುವ ಪ್ರೈಮರ್, ಅಂದರೆ ಮೊದಲ ಪದರವಾಗಿ ಬಳಿಯುವ ಬಣ್ಣ, ಅನುಕೂಲ. ಆದರೆ ಸತುವಿನ ಕಣಗಳು ಉಕ್ಕನ್ನೇ ಮುಟ್ಟಬೇಕಾದ್ದರಿಂದ ಹಳೆಯ ತುಕ್ಕನ್ನು ಪೂರ್ತಿ ಕೆರೆದು ತೆಗೆಯಬೇಕು. ಖರ್ಚಿನ ಲೆಕ್ಕದಲ್ಲಿ ಈ ಕೂಲಿಯನ್ನೂ, ಮುಂದೆ ಮತ್ತೆ ಬಳಿಯಬೇಕಾದ ವೆಚ್ಚವನ್ನೂ ಸೇರಿಸಿ. ಉಪ್ಪುಗಾಳಿಯ ಕರಾವಳಿಯಲ್ಲಿ ಬಣ್ಣವೂ ಬೇಕೆನ್ನುವವರು ಗ್ಯಾಲ್ವನೈಸ್ ಮಾಡಿಸಿ, ಅದರ ಮೇಲೆ ಪೌಡರ್ ಕೋಟಿಂಗ್ ಹಾಕಿಸುವುದು ಒಳ್ಳೆಯದು.