ನ್ಯೂಪೋರ್ 17 ಕಟ್ಟಬೇಕೋ, ಆಲ್ಬಟ್ರೋಸ್ ಡಿ.3 ಕಟ್ಟಬೇಕೋ?

ಮೊದಲ ಮಹಾಯುದ್ಧದ ವಿಮಾನವೊಂದನ್ನು ರೇಡಿಯೋ ಕಂಟ್ರೋಲ್ ಮಾದರಿಯಾಗಿ ಕಟ್ಟಲು ಹೊರಟವರಿಗೆ ಫ್ರಾನ್ಸಿನ ನ್ಯೂಪೋರ್ 17 ಮತ್ತು ಜರ್ಮನಿಯ ಆಲ್ಬಟ್ರೋಸ್ ಡಿ.3 ನಡುವೆ ಆಯ್ಕೆ ಮಾಡುವುದು ಕಷ್ಟವೇ. ಎರಡನ್ನೂ 1/6 ಅಳತೆಯಲ್ಲಿ ಬಾಲ್ಸಾ ಎಂಬ ಹಗುರ ಮರ, ಪ್ಲೈವುಡ್ಡಿನಲ್ಲಿ ಕಟ್ಟಿ, ಬ್ಯಾಟರಿ ಮೋಟರಿನಲ್ಲಿ ಹಾರಿಸಿದ ಮೇಲೆ ನನ್ನ ತೀರ್ಮಾನ ಇಷ್ಟು: ಕಟ್ಟುವುದು ಸುಲಭವಾಗಬೇಕಾದರೆ ನ್ಯೂಪೋರ್, ಹಾರಿಸುವುದು ಸುಲಭವಾಗಬೇಕಾದರೆ ಆಲ್ಬಟ್ರೋಸ್. ಆದರೆ ಆಲ್ಬಟ್ರೋಸ್‌ನ ಕೆಳರೆಕ್ಕೆಯನ್ನು ಮೂಲದಲ್ಲಿದ್ದ ಹಾಗೇ ಕಟ್ಟಿದರೆ ಮೂಲದ ಕಾಯಿಲೆಯೂ ಜೊತೆಗೇ ಬರುತ್ತದೆ.

ಆ ಕಾಯಿಲೆಯ ಬೇರು ಇರುವುದು ಫ್ರಾನ್ಸಿನಲ್ಲಿ. ನ್ಯೂಪೋರ್ ಕಂಪನಿಯ ಗುಸ್ತಾವ್ ದಲಾಜ್ ಮೇಲಿನ ರೆಕ್ಕೆಯನ್ನು ಅಗಲವಾಗಿಯೂ ಕೆಳಗಿನದನ್ನು ತೀರಾ ಕಿರಿದಾಗಿಯೂ ಇಟ್ಟು, ನಡುವೆ ಇಂಗ್ಲಿಷಿನ ‘ವಿ’ ಆಕಾರದ ಊರುಗಂಬ ಕೊಟ್ಟರು. ಪೈಲಟ್‌ಗೆ ಕೆಳಗಿನ ನೋಟ ತೆರೆದುಕೊಂಡಿತು, ತಂತಿ ಬಿಗಿದು ಗಟ್ಟಿ ಮಾಡಲು ಎರಡನೇ ರೆಕ್ಕೆಯ ಆಧಾರವೂ ಸಿಕ್ಕಿತು. ಇದೇ ಒಂದೂವರೆ ರೆಕ್ಕೆಯ ವಿನ್ಯಾಸ. ಮೊದಲು ನ್ಯೂಪೋರ್ 11, ಆಮೇಲೆ 1916ರಲ್ಲಿ 110 ಅಶ್ವಶಕ್ತಿಯ ಲ ರೋನ್ ಎಂಜಿನ್ನಿನ ನ್ಯೂಪೋರ್ 17 ಮುಂಚೂಣಿಗೆ ಬಂದಾಗ ಜರ್ಮನ್ನರು ಸೆರೆಸಿಕ್ಕ ವಿಮಾನಗಳನ್ನು ಬಿಚ್ಚಿ ನೋಡಿದರು. ಸೀಮೆನ್ಸ್-ಷುಕರ್ಟ್ ಕಂಪನಿ ಹೆಚ್ಚುಕಡಿಮೆ ಅದರ ನಕಲನ್ನೇ ತೆಗೆಯಿತು. ಆಲ್ಬಟ್ರೋಸ್‌ನ ರಾಬರ್ಟ್ ಥೇಲನ್ ಮಾತ್ರ ತಮ್ಮ ಹಿಂದಿನ ಮಾದರಿ ಡಿ.2ರ ಪ್ಲೈವುಡ್ ಒಡಲನ್ನು ಹಾಗೇ ಉಳಿಸಿಕೊಂಡು ನ್ಯೂಪೋರ್‌ನ ರೆಕ್ಕೆಯ ವಿನ್ಯಾಸವನ್ನಷ್ಟೇ ಅದಕ್ಕೆ ಜೋಡಿಸಿದರು.

ಎಡವಿದ್ದು ಅಲ್ಲೇ. ತುಂಬಿದ ನ್ಯೂಪೋರ್ 17 ಸುಮಾರು 560 ಕೆ.ಜಿ.; ಆಲ್ಬಟ್ರೋಸ್ ಡಿ.3 ಸುಮಾರು 886 ಕೆ.ಜಿ. ಎರಡರ ಕೆಳರೆಕ್ಕೆಯಲ್ಲೂ ಸ್ಪಾರ್, ಅಂದರೆ ರೆಕ್ಕೆಯ ಉದ್ದಕ್ಕೂ ಓಡುವ ಮುಖ್ಯ ತೊಲೆ, ಒಂದೊಂದೇ. ಗಾಳಿಯ ಎತ್ತುಬಲ ರೆಕ್ಕೆಯ ಅಗಲದ, ಅಂದರೆ ಮುಂದಿನ ಅಂಚಿನಿಂದ (ಮುಂಚು) ಹಿಂದಿನ ಅಂಚಿನವರೆಗಿನ (ಹಿಂಚು) ಅಳತೆಯ, ಮುಂದಿನ ಕಾಲು ಭಾಗದ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಆಲ್ಬಟ್ರೋಸ್‌ನ ಸ್ಪಾರ್ ಅದಕ್ಕಿಂತ ಬಹಳ ಹಿಂದೆ ಕೂತಿತ್ತು. ವೇಗ ಏರಿದಂತೆ ರೆಕ್ಕೆಯ ಮುಂಚು ಮೇಲಕ್ಕೆ ತಿರುಚುತ್ತದೆ, ತಿರುಚಿದಷ್ಟೂ ಎತ್ತುಬಲ ಹೆಚ್ಚುತ್ತದೆ, ಅದು ಇನ್ನಷ್ಟು ತಿರುಚುತ್ತದೆ. ‘ವಿ’ ಕಂಬದ ಬುಡ ಒಂದೇ ಬಿಂದುವಿನಲ್ಲಿ ಸ್ಪಾರ್‌ಗೆ ಕೂರುವುದರಿಂದ ಈ ತಿರುಚನ್ನು ತಡೆಯಲು ಅದರ ಕೈಲಾಗದು. 1917ರ ಜನವರಿ 24ರಂದು ಜರ್ಮನಿಯ ಪ್ರಸಿದ್ಧ ಪೈಲಟ್ ಮಾನ್‌ಫ್ರೆಡ್ ಫಾನ್ ರಿಖ್ಟ್‌ಹೋಫನ್‌ರ ಡಿ.3ರ ಕೆಳರೆಕ್ಕೆ ಹಾರಾಟದಲ್ಲೇ ಬಿರುಕು ಬಿಟ್ಟಿತು; ಮೂರು ದಿನಕ್ಕೆ ಈ ಮಾದರಿಯ ಹಾರಾಟವನ್ನೇ ನಿಲ್ಲಿಸುವ ಆದೇಶ ಬಂತು. ರೆಕ್ಕೆ ಬಲಪಡಿಸಿದ ಮೇಲೂ ಪೈಲಟ್‌ಗಳಿಗೆ ಕಡಿದಾದ ಡೈವ್ ಬೇಡ ಎಂಬ ಎಚ್ಚರಿಕೆ ತಪ್ಪಲಿಲ್ಲ. ನ್ಯೂಪೋರ್‌ಗೂ ಈ ದೋಷ ಇತ್ತು, ಆದರೆ ಹಗುರ ವಿಮಾನ, ಕಿರಿದಾದ ರೆಕ್ಕೆ ಆದ್ದರಿಂದ ಅಷ್ಟಾಗಿ ಕಾಡಲಿಲ್ಲ.

ಮಾದರಿಯಲ್ಲೂ ಇದೆಲ್ಲ ಕಣ್ಣಿಗೆ ಕಾಣುತ್ತದೆ. ಬರೀ ರಿಬ್ (ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿ), ಒಂದು ಸ್ಪಾರ್, ಮೇಲೆ ಪ್ಲಾಸ್ಟಿಕ್ ಫಿಲ್ಮ್ ಹೊದಿಸಿದ ಆಲ್ಬಟ್ರೋಸ್ ಕೆಳರೆಕ್ಕೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಚಿ ನೋಡಿ, ಸಲೀಸಾಗಿ ತಿರುಗುತ್ತದೆ. ಪರಿಹಾರ ಹೀಗೆ: ಮುಂಚಿನಿಂದ ಸ್ಪಾರ್‌ವರೆಗೆ ಮೇಲೂ ಕೆಳಗೂ 1.5 ಮಿ.ಮೀ. ಬಾಲ್ಸಾ ಹಾಳೆ ಹೊದಿಸಿ, ಸ್ಪಾರ್‌ನ ಮೇಲಿನ-ಕೆಳಗಿನ ಪಟ್ಟಿಗಳ ನಡುವೆ ನಿಲುವು ನಾರಿನ ಬಾಲ್ಸಾ ತುಂಡುಗಳನ್ನು ಅಂಟಿಸಿ ಮುಚ್ಚಿದ ಪೆಟ್ಟಿಗೆ ಮಾಡಬೇಕು. ಕಂಬ ಕೂರುವ ರಿಬ್ 3 ಮಿ.ಮೀ. ಪ್ಲೈವುಡ್ ಆಗಿರಲಿ. ಹಾಳೆ ಅಂಟಿಸುವಾಗ ರೆಕ್ಕೆ ಸಮತಟ್ಟಾದ ಹಲಗೆಗೆ ಪಿನ್ನಿನಲ್ಲಿ ಬಿಗಿದಿರಬೇಕು. ಪೆಟ್ಟಿಗೆ ಮುಚ್ಚಿದ ಮೇಲೆ ಸೊಟ್ಟ ತೆಗೆಯಲು ಬರುವುದಿಲ್ಲ. ಅಂಟು ಒಣಗಿದ ಮೇಲೆ ಬುಡವನ್ನು ಬಿಗಿಹಿಡಿದು ತುದಿಯ ಮುಂಚಿಗೆ ಅರ್ಧ ಕೆ.ಜಿ. ತೂಕ ಕಟ್ಟಿ ನೋಡಿ. ಮುಂಚು ಹಿಂಚಿಗಿಂತ 3 ಮಿ.ಮೀ.ಗೂ ಹೆಚ್ಚು ಜಗ್ಗಿದರೆ ಎಲ್ಲೋ ಅಂಟು ಹಿಡಿದಿಲ್ಲವೆಂದೇ ಅರ್ಥ. ಜರ್ಮನ್ನರು ಮುಂದೆ ಡಿ.5ಎಯಲ್ಲಿ ಕಂಬದಿಂದ ಮುಂಚಿಗೆ ಒಂದು ಗಿಡ್ಡ ಆಸರೆ ಕೊಟ್ಟರು. ಡಿ.3ರ ಮಾದರಿಯಲ್ಲಿ ಅದನ್ನು ಇಟ್ಟರೆ ನೋಡಲು ತಪ್ಪಾಗುತ್ತದೆ. ಒಳಗಿನ ಪೆಟ್ಟಿಗೆಯೇ ಸಾಕು.

ನ್ಯೂಪೋರ್‌ನ ಕೆಳರೆಕ್ಕೆಗೆ ಇಷ್ಟೆಲ್ಲ ಬೇಡ. ಈ ಅಳತೆಯಲ್ಲಿ ಅದರ ಅಗಲ 12 ಸೆಂ.ಮೀ. ಮಾತ್ರ, ಸ್ಪಾರ್ ಜಾಗಕ್ಕೆ ಒಂದು 6 ಮಿ.ಮೀ. ಕಾರ್ಬನ್ ಕೊಳವೆ ಹಾಕಿ ಮುಂಚಿಗೆ ಮೇಲುಗಡೆ ಮಾತ್ರ ಹಾಳೆ ಹೊದಿಸಿದರೆ ಆಯಿತು. ತಂತಿಗಳನ್ನು ಮಾತ್ರ ಎರಡರಲ್ಲೂ ನಿಜವಾಗಿ ಬಿಗಿಯಿರಿ, ಅಲಂಕಾರಕ್ಕೆ ಇಲಾಸ್ಟಿಕ್ ದಾರ ಕಟ್ಟಿ ಸುಮ್ಮನಾಗಬೇಡಿ.

ಒಡಲಿನ ವಿಷಯದಲ್ಲಿ ನ್ಯೂಪೋರ್ ಎಷ್ಟೋ ಮುಂದು. ನಾಲ್ಕು ಉದ್ದಕಡ್ಡಿ, ಅಡ್ಡಕಡ್ಡಿ, ಮೇಲೆ ಬಟ್ಟೆ, 6 ಮಿ.ಮೀ. ಚೌಕದ ಗಟ್ಟಿ ಬಾಲ್ಸಾ ಇದ್ದರೆ ಎರಡು ಪಕ್ಕಗಳನ್ನು ನಕ್ಷೆಯ ಮೇಲೇ ಜೋಡಿಸಬಹುದು. ಆಲ್ಬಟ್ರೋಸ್‌ನದು ಮೊಟ್ಟೆಯಾಕಾರದ ಒಡಲು. ಮೂಲದಲ್ಲಿ ಪ್ಲೈವುಡ್ ತುಂಡುಗಳನ್ನು ಚೌಕಟ್ಟುಗಳ ಮೇಲೆ ಅಂಟಿಸಿ ಮೊಳೆ ಹೊಡೆಯುತ್ತಿದ್ದರು. ಮಾದರಿಗೆ 0.8 ಮಿ.ಮೀ. ಪ್ಲೈವುಡ್ಡನ್ನು ಬಿಸಿನೀರಿನಲ್ಲಿ ನೆನೆಸಿ, ಚೌಕಟ್ಟಿಗೆ ಸುತ್ತಿ, ರಾತ್ರಿಯಿಡೀ ಕಟ್ಟಿಟ್ಟು, ಪೂರ್ತಿ ಒಣಗಿದ ಮೇಲಷ್ಟೇ ಅಂಟಿಸಬೇಕು. ಹಸಿ ಇರುವಾಗಲೇ ಅಂಟಿಸಿದರೆ ಒಣಗುವಾಗ ಕುಗ್ಗಿ ಚೌಕಟ್ಟುಗಳ ನಡುವೆ ಒಳಗೆ ಎಳೆದುಕೊಳ್ಳುತ್ತದೆ. ವಾರ್ನಿಷ್ ಬಿದ್ದ ಮೇಲೆ ಒಂದೊಂದು ತಗ್ಗೂ ಎದ್ದು ಕಾಣುತ್ತದೆ. ಒಂದು ಒಡಲಿಗೆ ಹಿಡಿಯುವ ಕಾಲದಲ್ಲಿ ನ್ಯೂಪೋರ್‌ನ ಇಡೀ ಚೌಕಟ್ಟು ಮುಗಿಯುತ್ತದೆ. ಆದರೂ ಆ ಜೇನುಬಣ್ಣದ ಪ್ಲೈವುಡ್ ಮೈ ಮುಗಿದು ನಿಂತಾಗ ಇಷ್ಟು ಚೆಲುವಾದ ವಿಮಾನ ಆ ಯುದ್ಧದಲ್ಲಿ ಇನ್ನೊಂದಿಲ್ಲ ಎಂದೇ ನನಗೆ ಅನ್ನಿಸುವುದು.

ತೂಕ ಹೊಂದಿಸುವಾಗ ಪರಿಸ್ಥಿತಿ ತಿರುವುಮುರುವು. ಮೂಲ ನ್ಯೂಪೋರ್‌ನ ಮೂತಿಯಲ್ಲಿ ಒಂಬತ್ತು ಸಿಲಿಂಡರ್‌ಗಳ, ಪ್ರೊಪೆಲರ್ ಜೊತೆ ತಾನೂ ಸುತ್ತುವ ಭಾರದ ಎಂಜಿನ್ ಇತ್ತು. ಮೂತಿ ಅಷ್ಟು ಗಿಡ್ಡ ಇದ್ದರೂ ನಡೆದದ್ದು ಅದಕ್ಕೇ. ಆ ಜಾಗಕ್ಕೆ ಹಗುರ ಮೋಟರ್ ಬಂದರೆ ಬಾಲ ಭಾರವಾಗುತ್ತದೆ. ಸುಮಾರು 2.2 ಕೆ.ಜಿ.ಯ ಮಾದರಿಗೆ ಕೌಲಿಂಗ್ (ಎಂಜಿನ್ನಿನ ಹೊರಕವಚ) ಒಳಗೆ 200ರಿಂದ 300 ಗ್ರಾಂ ಸೀಸ ಬೇಕಾಗುವುದು ಮಾಮೂಲು. ಬಾಲದಲ್ಲಿ ಉಳಿಸಿದ ಒಂದೊಂದು ಗ್ರಾಂ ಮೂತಿಯಲ್ಲಿ ಮೂರ್ನಾಲ್ಕು ಗ್ರಾಂ ಉಳಿಸುತ್ತದೆ, ಆದ್ದರಿಂದ ಸರ್ವೋಗಳನ್ನೂ (ರೇಡಿಯೋ ಆಣತಿಯಂತೆ ರಡ್ಡರ್ ಮುಂತಾದುವನ್ನು ತಿರುಗಿಸುವ ಪುಟ್ಟ ಮೋಟರ್‌ಗಳು) ಬ್ಯಾಟರಿಯನ್ನೂ ಮುಂದೆ ತಳ್ಳಿ, ಬಾಲಕ್ಕೆ ಹಗುರ ಬಾಲ್ಸಾ ಆರಿಸಿ. ಗುರುತ್ವ ಕೇಂದ್ರ ಮೇಲಿನ ರೆಕ್ಕೆಯ ಮುಂಚಿನಿಂದ ಅಗಲದ ಶೇ. 27ರಲ್ಲಿ, ಅಂದರೆ ಸುಮಾರು 5.5 ಸೆಂ.ಮೀ. ಹಿಂದೆ ಇದ್ದರೆ ಮೊದಲ ಹಾರಾಟಕ್ಕೆ ಸುರಕ್ಷಿತ. ಆಲ್ಬಟ್ರೋಸ್‌ನ ಉದ್ದ ಮೂತಿಯೊಳಗೆ ನಾಲ್ಕು ಸೆಲ್‌ನ 5000 ಎಂಎಎಚ್ ಬ್ಯಾಟರಿ ಮೋಟರಿನ ಬೆನ್ನಿಗೇ ಕೂರುತ್ತದೆ, ಸೀಸ ಬೇಕಾಗುವುದು ತೀರಾ ಕಡಿಮೆ.

ಪ್ರೊಪೆಲರ್ ಆರಿಸುವಾಗ ನ್ಯೂಪೋರ್‌ನ ದುಂಡು ಕೌಲಿಂಗ್ ಮರೆಯಬಾರದು. ನಡುವಿನ ಗಾಳಿಯನ್ನೆಲ್ಲ ಅದು ಅಡ್ಡಗಟ್ಟುತ್ತದೆ. 11 ಇಂಚಿನ ಪ್ರೊಪೆಲರ್ ಎಷ್ಟು ಜೋರಾಗಿ ತಿರುಗಿದರೂ ವಿಮಾನ ಎಳೆಯುವುದಿಲ್ಲ. 15x6ರಂಥ (15 ಇಂಚು ಅಡ್ಡಳತೆ, ಒಂದು ಸುತ್ತಿಗೆ 6 ಇಂಚು ಮುನ್ನಡೆ) ದೊಡ್ಡದನ್ನು ನಿಧಾನವಾಗಿ ತಿರುಗಿಸುವ ಮೋಟರ್ ಹಾಕಿ. ಆಲ್ಬಟ್ರೋಸ್‌ನ ಚೂಪು ಮೂತಿಗೆ ಈ ತೊಂದರೆ ಇಲ್ಲ, ಆದರೆ ಅಲ್ಲಿ ಮೋಟರಿಗೆ ಗಾಳಿ ಹೋಗಲು ದಾರಿ ಇಲ್ಲ. ಸ್ಪಿನ್ನರ್ (ಪ್ರೊಪೆಲರ್ ನಡುವಿನ ಚೂಪು ಟೋಪಿ) ಹಿಂದೆ ಸೀಳು ಬಿಟ್ಟು, ಒಡಲಿನ ತಳದಲ್ಲಿ ಅದರ ಎರಡರಷ್ಟು ದೊಡ್ಡ ಹೊರಕಿಂಡಿ ಕೊಡಬೇಕು.

ಹಾರಾಟಕ್ಕೆ ಬಂದರೆ, ನ್ಯೂಪೋರ್‌ಗೆ ಬಾಲದಲ್ಲಿ ನಿಲುವಾದ ಸ್ಥಿರ ರೆಕ್ಕೆಯೇ ಇಲ್ಲ, ಇರುವುದು ಇಡಿಯಾಗಿ ತಿರುಗುವ ರಡ್ಡರ್ (ಮೂತಿಯನ್ನು ಎಡ-ಬಲ ತಿರುಗಿಸುವ ಹಲಗೆ) ಒಂದೇ. ನೆಲದ ಮೇಲೆ ವೇಗ ಏರುವಾಗ ಸರ್ರನೆ ಪಕ್ಕಕ್ಕೆ ತಿರುಗುತ್ತದೆ. ಥ್ರಾಟಲನ್ನು ಮೂರು ನಾಲ್ಕು ಸೆಕೆಂಡ್ ಹಿಡಿದು ನಿಧಾನ ಏರಿಸಿ, ಬಲ ರಡ್ಡರ್ ಸಿದ್ಧವಿರಲಿ. ರಡ್ಡರ್‌ನ ತಿರುಗಣಿಯಲ್ಲಿ ಸ್ವಲ್ಪ ಸಡಿಲವಿದ್ದರೂ ಗಾಳಿಯಲ್ಲಿ ಬಾಲ ಅಲ್ಲಾಡುತ್ತಲೇ ಇರುತ್ತದೆ. ಆಲ್ಬಟ್ರೋಸ್‌ಗೆ ಮೇಲೆ ಕೆಳಗೆ ಎರಡೂ ಕಡೆ ಸ್ಥಿರ ರೆಕ್ಕೆ ಇದೆ, ಹಳಿ ಮೇಲೆ ಇಟ್ಟಂತೆ ನೇರ ಓಡುತ್ತದೆ. ತಿರುವಿನಲ್ಲಿ ಎರಡಕ್ಕೂ ಏಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಹಿಂಚಿನ ಹಲಗೆ) ಜೊತೆ ರಡ್ಡರ್ ಕೊಡಲೇಬೇಕು. ಏಲೆರಾನ್ ಮೇಲೆ ಎರಡು ಪಾಲು, ಕೆಳಗೆ ಒಂದು ಪಾಲು ಚಲಿಸುವಂತೆ ರೇಡಿಯೋದಲ್ಲಿ ಹೊಂದಿಸಿದರೆ ಮೂತಿ ಉಲ್ಟಾ ಎಳೆಯುವುದು ಬಹಳ ಕಡಿಮೆಯಾಗುತ್ತದೆ. ಇಳಿಸುವಾಗ ಮೋಟರ್ ಪೂರ್ತಿ ನಿಲ್ಲಿಸಬೇಡಿ, ಇಷ್ಟೊಂದು ತಂತಿ ಕಂಬಗಳ ಎಳೆತಕ್ಕೆ ವೇಗ ತಟಕ್ಕನೆ ಇಳಿದುಬಿಡುತ್ತದೆ.

ಬೆಂಗಳೂರಿನ 900 ಮೀಟರ್ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 8 ತೆಳು, ಇಳಿಯುವ ವೇಗ ಶೇ. 4ರಷ್ಟು ಹೆಚ್ಚು ಇಟ್ಟುಕೊಳ್ಳಬೇಕು. ಮಂಗಳೂರಿನ ಕಡೆ ತೊಂದರೆ ಬೇರೆ: ಮಳೆಗಾಲದ ತೇವಕ್ಕೆ ಉಬ್ಬಿದ ಬಾಲ್ಸಾ ಆಮೇಲೆ ಒಣಗಿ ಕುಗ್ಗಿದಾಗ ಫಿಲ್ಮ್ ಸಡಿಲವಾಗುತ್ತದೆ, ಇಸ್ತ್ರಿ ಹಾಕಿ ಮತ್ತೆ ಬಿಗಿಸುವಾಗ ಒಂದು ಮೈ ಹೆಚ್ಚು ಎಳೆದು ರೆಕ್ಕೆ ಸೊಟ್ಟಗಾಗುತ್ತದೆ. ಪ್ರತಿ ಸಲ ಬಿಗಿಸಿದ ಮೇಲೂ ಹಿಂಚಿನ ನೇರ ನೋಡಿ.

ಆಲ್ಬಟ್ರೋಸ್ ಕಡೆಗೇ ಮನಸ್ಸು ವಾಲುತ್ತಿದ್ದರೆ ಆಸ್ಟ್ರಿಯಾದ ಓಫಾಗ್ ಕಾರ್ಖಾನೆಯ ಡಿ.3ರ ನಕ್ಷೆಯನ್ನೂ ಹುಡುಕಿ. ಅವರು ಕೆಳರೆಕ್ಕೆಯನ್ನು ಗಟ್ಟಿಮಾಡಿ, ಆಸ್ಟ್ರೋ-ಡೈಮ್ಲರ್ ಎಂಜಿನ್ ಕೂರಿಸಿದರು. ಹಾರಾಟದಲ್ಲಿ ಕಳಚಿ ಬೀಳುತ್ತಿದ್ದ ಸ್ಪಿನ್ನರನ್ನು 153 ಎಂಬ ಸಂಖ್ಯೆಯ ಸರಣಿಯ ನಡುವಿನಿಂದ ತೆಗೆದುಹಾಕಿ ಮೂತಿಯನ್ನು ದುಂಡಗೆ ಮಾಡಿದ್ದರಿಂದ ವೇಗವೂ ಹೆಚ್ಚಿತು. ಮಾದರಿ ಕಟ್ಟುವವರಿಗೆ ಇದರಲ್ಲಿ ಇನ್ನೊಂದು ಅನುಕೂಲ: ಒಡಲಿಗೆ ಕರಾರುವಾಕ್ಕಾಗಿ ಕೂರುವ ದೊಡ್ಡ ಸ್ಪಿನ್ನರ್‌ಗಾಗಿ ಅಲೆಯಬೇಕಿಲ್ಲ, ಪ್ರೊಪೆಲರ್ ಹಿಂದಿನ ಬಾಯಿಯನ್ನೇ ಮೋಟರಿನ ಗಾಳಿಕಿಂಡಿ ಮಾಡಿಕೊಳ್ಳಬಹುದು.